ಹಾರ್ಮೋನಿಗೂ ಪ್ರತಿಕ್ರಿಯೆಗೂ ನಡುವೆ: ಸಸ್ಯಕೋಶದ ಸಂಕೇತ ಅಣುಗಳನ್ನು ಪರೀಕ್ಷಿಸುವ ವಿಧಾನ

ಮಣ್ಣಿನಲ್ಲಿ ತೇವ ಕಡಿಮೆಯಾದಾಗ ಗಿಡದಲ್ಲಿ ಅಬ್ಸಿಸಿಕ್ ಆಮ್ಲವೆಂಬ ಹಾರ್ಮೋನು ಹೆಚ್ಚುತ್ತದೆ ಮತ್ತು ಎಲೆಯ ಪತ್ರರಂಧ್ರಗಳು ಮುಚ್ಚಿಕೊಳ್ಳುತ್ತವೆ. ಹಾರ್ಮೋನು ಆ ರಂಧ್ರವನ್ನು ಸುತ್ತುವರಿದ ಕಾವಲು ಕೋಶವನ್ನು ತಲುಪುವುದಕ್ಕೂ ರಂಧ್ರ ಕಿರಿದಾಗುವುದಕ್ಕೂ ನಡುವಿನ ಕೆಲವೇ ನಿಮಿಷಗಳಲ್ಲಿ ಆ ಕೋಶದೊಳಗೆ ಕ್ಯಾಲ್ಸಿಯಂ ಅಯಾನುಗಳ ಮಟ್ಟ ಏರಿಳಿಯುತ್ತದೆ, ಹೈಡ್ರೋಜನ್ ಪೆರಾಕ್ಸೈಡ್ ಉತ್ಪತ್ತಿಯಾಗುತ್ತದೆ, ನೈಟ್ರಿಕ್ ಆಕ್ಸೈಡ್ ಕಾಣಿಸಿಕೊಳ್ಳುತ್ತದೆ, ಕೋಶರಸದ ಆಮ್ಲೀಯತೆ ತುಸು ತಗ್ಗುತ್ತದೆ. ಇವುಗಳಲ್ಲಿ ಹಾರ್ಮೋನಿನ ಸಂದೇಶವನ್ನು ಮುಂದಕ್ಕೆ ಒಯ್ಯುವ ಸಂಕೇತ ಅಣು ಯಾವುದು, ಪ್ರತಿಕ್ರಿಯೆಯ ಜೊತೆಯಲ್ಲಿ ಸುಮ್ಮನೆ ಆಗುವ ಬದಲಾವಣೆ ಯಾವುದು ಎಂಬುದನ್ನು ಬೇರ್ಪಡಿಸಿ ತೋರಿಸುವುದು ಸಸ್ಯಶರೀರಕ್ರಿಯಾ ವಿಜ್ಞಾನದ ಅತ್ಯಂತ ಕಷ್ಟದ ಕೆಲಸಗಳಲ್ಲಿ ಒಂದು. ಸ್ನಾತಕೋತ್ತರ ಮಟ್ಟದ ವಿದ್ಯಾರ್ಥಿಯೊಬ್ಬರು ಒಂದು ಸೂಕ್ಷ್ಮದರ್ಶಕ, ಕೆಲವು ರಾಸಾಯನಿಕಗಳು ಮತ್ತು ಸಾಧ್ಯವಾದರೆ ಒಂದೆರಡು ರೂಪಾಂತರಿ (ಯಾವುದಾದರೂ ಜೀನ್ ಕೆಟ್ಟಿರುವ) ಸಸ್ಯಗಳನ್ನು ಇಟ್ಟುಕೊಂಡು ಈ ಪ್ರಶ್ನೆಯನ್ನು ಹೇಗೆ ಕೈಗೆತ್ತಿಕೊಳ್ಳಬೇಕು ಎಂಬುದನ್ನು ಇಲ್ಲಿ ವಿವರಿಸಲಾಗಿದೆ.

ಉದಾಹರಣೆಯಾಗಿ ಅಬ್ಸಿಸಿಕ್ ಆಮ್ಲ ಮತ್ತು ಪತ್ರರಂಧ್ರವನ್ನೇ ಆರಿಸಿಕೊಂಡಿರುವುದಕ್ಕೆ ಕಾರಣವಿದೆ. ಬೇರೆ ಹಾರ್ಮೋನುಗಳ ಹೆಚ್ಚಿನ ಪರಿಣಾಮಗಳನ್ನು ನೋಡಲು ಹಲವು ಗಂಟೆಗಳು ಅಥವಾ ದಿನಗಳು ಬೇಕಾಗುತ್ತವೆ, ಅಷ್ಟರಲ್ಲಿ ನೂರಾರು ಜೀನ್‌ಗಳ ಚಟುವಟಿಕೆ ಬದಲಾಗಿರುತ್ತದೆ. ಪತ್ರರಂಧ್ರವಾದರೋ ಒಂದು ಗಂಟೆಯೊಳಗೆ ಉತ್ತರ ಕೊಡುತ್ತದೆ, ಆ ಉತ್ತರವನ್ನು ಮೈಕ್ರೋಮೀಟರ್‌ಗಳಲ್ಲಿ ಅಳೆಯಬಹುದು.

ಮೊದಲು ಮಾರ್ಗದ ನಕ್ಷೆ

ಪ್ರಯೋಗಕ್ಕೆ ಇಳಿಯುವ ಮೊದಲು, ನೀವು ಆರಿಸಿಕೊಂಡ ಹಾರ್ಮೋನಿನ ಮುಖ್ಯ ಮಾರ್ಗದಲ್ಲಿ ಈಗಾಗಲೇ ಖಚಿತವಾಗಿರುವ ಹಂತಗಳನ್ನು ಒಂದು ಹಾಳೆಯ ಮೇಲೆ ಬರೆದುಕೊಳ್ಳಿ. ಎಲ್ಲ ಹಾರ್ಮೋನುಗಳಿಗೂ ಸಣ್ಣ ಸಂಕೇತ ಅಣುಗಳ ಮಧ್ಯಸ್ಥಿಕೆ ಒಂದೇ ಪ್ರಮಾಣದಲ್ಲಿ ಬೇಕಾಗುವುದಿಲ್ಲ. ಆಕ್ಸಿನ್ ತನ್ನ ಗ್ರಾಹಕವಾದ (ಹಾರ್ಮೋನನ್ನು ಗುರುತಿಸಿ ಹಿಡಿಯುವ) ಟಿಐಆರ್-1 ಪ್ರೋಟೀನಿಗೂ ಜೀನ್‌ಗಳನ್ನು ತಡೆಹಿಡಿದಿರುವ ಪ್ರೋಟೀನಿಗೂ ನಡುವೆ ಕುಳಿತು ಅವೆರಡನ್ನೂ ಅಂಟಿಸುತ್ತದೆ, ಆ ತಡೆ ಪ್ರೋಟೀನು ನಾಶವಾಗುತ್ತದೆ, ಜೀನ್ ಕೆಲಸ ಆರಂಭಿಸುತ್ತದೆ. ಜಾಸ್ಮೋನೇಟ್‌ನ ಮಾರ್ಗವೂ ಇದೇ ಮಾದರಿಯದು. ಗಿಬ್ಬರೆಲಿನ್ ಜಿಐಡಿ-1 ಎಂಬ ಗ್ರಾಹಕವನ್ನು ಸೇರಿ ಬೆಳವಣಿಗೆಯನ್ನು ತಡೆಹಿಡಿದಿರುವ ಡೆಲ್ಲಾ ಪ್ರೋಟೀನುಗಳ ನಾಶಕ್ಕೆ ದಾರಿ ಮಾಡುತ್ತದೆ. ಇಷ್ಟು ಚಿಕ್ಕ ಮಾರ್ಗಗಳಲ್ಲಿ ಗ್ರಾಹಕಕ್ಕೂ ಜೀನ್‌ಗೂ ನಡುವೆ ಕ್ಯಾಲ್ಸಿಯಂ ಇರಲೇಬೇಕೆಂದು ಊಹಿಸಿಕೊಂಡು ಹೊರಟರೆ ಪ್ರಯೋಗ ಆರಂಭದಲ್ಲೇ ದಾರಿ ತಪ್ಪುತ್ತದೆ. ಆದರೂ ಸಣ್ಣ ಅಣುಗಳು ಅನಿರೀಕ್ಷಿತ ಜಾಗಗಳಲ್ಲಿ ಸಿಗುತ್ತವೆ. ಟಿಐಆರ್-1 ಗ್ರಾಹಕದ ಹರಳು ರಚನೆಯನ್ನು 2007ರಲ್ಲಿ ಬಿಡಿಸಿದಾಗ ಅದರ ಒಡಲಲ್ಲಿ ಇನಾಸಿಟಾಲ್ ಹೆಕ್ಸಾಕಿಸ್‌ಫಾಸ್ಫೇಟ್ ಅಣುವೊಂದು ಕುಳಿತಿರುವುದು ಕಂಡುಬಂದಿತು.

ಅಬ್ಸಿಸಿಕ್ ಆಮ್ಲದ ಮುಖ್ಯ ಮಾರ್ಗ 2009ರಲ್ಲಿ ಸ್ಪಷ್ಟವಾಯಿತು. ಆ ವರ್ಷ ಶಾನ್ ಕಟ್ಲರ್ ಅವರ ತಂಡ ಮತ್ತು ಎರ್ವಿನ್ ಗ್ರಿಲ್ ಅವರ ತಂಡ ಬೇರೆ ಬೇರೆ ದಾರಿಗಳಿಂದ ಒಂದೇ ಗ್ರಾಹಕ ಕುಟುಂಬವನ್ನು ತಲುಪಿದವು. ಪ್ರಯೋಗಾಲಯಗಳಲ್ಲಿ ಮಾದರಿಯಾಗಿ ಬಳಸುವ ಅರಬಿಡಾಪ್ಸಿಸ್ ಸಸ್ಯದಲ್ಲಿ ಈ ಕುಟುಂಬದ 14 ಸದಸ್ಯರಿವೆ. ಹಾರ್ಮೋನು ಇಲ್ಲದಿರುವಾಗ ಎಬಿಐ-1 ಮೊದಲಾದ ಫಾಸ್ಫಟೇಸ್ (ಫಾಸ್ಫೇಟ್ ಕಳಚುವ) ಕಿಣ್ವಗಳು ಓಎಸ್‌ಟಿ-1 ಎಂಬ ಕೈನೇಸ್ (ಫಾಸ್ಫೇಟ್ ಸೇರಿಸುವ) ಕಿಣ್ವವನ್ನು ನಿಷ್ಕ್ರಿಯವಾಗಿ ಇಟ್ಟಿರುತ್ತವೆ. ಹಾರ್ಮೋನು ಬಂದು ಗ್ರಾಹಕವನ್ನು ಸೇರಿದಾಗ ಆ ಗ್ರಾಹಕ ಫಾಸ್ಫಟೇಸ್‌ನ ಕೆಲಸವನ್ನು ನಿಲ್ಲಿಸುತ್ತದೆ, ಓಎಸ್‌ಟಿ-1 ಸಕ್ರಿಯವಾಗುತ್ತದೆ, ಅದು ಕೋಶಪೊರೆಯಲ್ಲಿರುವ ಸ್ಲ್ಯಾಕ್-1 ಎಂಬ ಋಣ ಅಯಾನು ನಾಲೆಗೆ ಫಾಸ್ಫೇಟ್ ಸೇರಿಸಿ ಅದನ್ನು ತೆರೆಯುತ್ತದೆ. ಋಣ ಅಯಾನುಗಳು ಹೊರಹೋದಂತೆ ಪೊರೆಯ ವಿದ್ಯುದ್ವಿಭವ ಬದಲಾಗಿ ಪೊಟ್ಯಾಸಿಯಂ ಹೊರಹರಿಯುತ್ತದೆ, ನೀರೂ ಅದರ ಹಿಂದೆ ಹೋಗುತ್ತದೆ, ಕಾವಲು ಕೋಶಗಳು ಬಿಗುವು ಕಳೆದುಕೊಂಡು ರಂಧ್ರ ಮುಚ್ಚುತ್ತದೆ.

ಈ ವಿವರಣೆಯಲ್ಲಿ ಕ್ಯಾಲ್ಸಿಯಂ ಆಗಲಿ ಹೈಡ್ರೋಜನ್ ಪೆರಾಕ್ಸೈಡ್ ಆಗಲಿ ಒಮ್ಮೆಯೂ ಬರಲಿಲ್ಲ ಎಂಬುದನ್ನು ಗಮನಿಸಬೇಕು. ಅವು ಈ ಬೆನ್ನೆಲುಬಿಗೆ ಪಕ್ಕದಿಂದ ಬಂದು ಸೇರುತ್ತವೆ. ಓಎಸ್‌ಟಿ-1 ಕೋಶಪೊರೆಯ ಎನ್‌ಎಡಿಪಿಎಚ್ ಆಕ್ಸಿಡೇಸ್ ಕಿಣ್ವವನ್ನು ಸಕ್ರಿಯಗೊಳಿಸುತ್ತದೆ, ಅದರಿಂದ ಪೆರಾಕ್ಸೈಡ್ ಹುಟ್ಟುತ್ತದೆ, ಪೆರಾಕ್ಸೈಡ್ ಕ್ಯಾಲ್ಸಿಯಂ ನಾಲೆಗಳನ್ನು ತೆರೆಯುತ್ತದೆ, ಒಳಬಂದ ಕ್ಯಾಲ್ಸಿಯಂ ತನ್ನದೇ ಆದ ಕೈನೇಸ್‌ಗಳ ಮೂಲಕ ಅದೇ ಸ್ಲ್ಯಾಕ್-1 ನಾಲೆಯನ್ನು ಇನ್ನೊಂದು ಕಡೆಯಿಂದ ತೆರೆಯುತ್ತದೆ. ಹೀಗೆ ಒಂದೇ ಗುರಿಗೆ ಎರಡು ದಾರಿಗಳಿರುವುದರಿಂದ, ಒಂದನ್ನು ಮುಚ್ಚಿದರೆ ಪ್ರತಿಕ್ರಿಯೆ ಪೂರ್ತಿ ನಿಲ್ಲದೆ ಕುಗ್ಗಬಹುದು. ಫಲಿತಾಂಶ ಅರ್ಧಂಬರ್ಧ ಬಂದಾಗ ಪ್ರಯೋಗ ಕೆಟ್ಟಿತೆಂದು ಭಾವಿಸಬಾರದು. ಈ ಮಾರ್ಗದ ಸ್ವರೂಪವೇ ಹಾಗಿದೆ.

ಯಾವುದನ್ನು ಸಂಕೇತ ಅಣು ಎನ್ನಬೇಕು

ಒಂದು ಅಣುವನ್ನು ಹಾರ್ಮೋನಿನ ಸಂಕೇತವಾಹಕ ಎಂದು ಕರೆಯಬೇಕಾದರೆ ಅದು ಕನಿಷ್ಠ ಮೂರು ಪರೀಕ್ಷೆಗಳನ್ನು ದಾಟಬೇಕು. ಹಾರ್ಮೋನು ಸೋಂಕಿದ ನಂತರ, ಪ್ರತಿಕ್ರಿಯೆ ಕಾಣುವುದಕ್ಕೆ ಮುಂಚೆ, ಆ ಅಣುವಿನ ಪ್ರಮಾಣ ಬದಲಾಗಬೇಕು. ಆ ಬದಲಾವಣೆಯನ್ನು ತಡೆದರೆ ಪ್ರತಿಕ್ರಿಯೆ ನಿಲ್ಲಬೇಕು ಅಥವಾ ಕುಗ್ಗಬೇಕು. ಹಾರ್ಮೋನು ಇಲ್ಲದೆಯೇ ಆ ಅಣುವನ್ನು ತಕ್ಕ ಪ್ರಮಾಣದಲ್ಲಿ ಒದಗಿಸಿದರೆ ಪ್ರತಿಕ್ರಿಯೆ ಪೂರ್ತಿಯಾಗಿ ಅಥವಾ ಭಾಗಶಃ ಮೂಡಬೇಕು. ಪ್ರಕಟವಾಗುವ ಅನೇಕ ಪ್ರಬಂಧಗಳು ಮೊದಲನೆಯ ಪರೀಕ್ಷೆಯನ್ನಷ್ಟೇ ಮಾಡಿ ಮೂರನ್ನೂ ಮಾಡಿದಂತೆ ತೀರ್ಮಾನ ಬರೆಯುತ್ತವೆ. ಈ ಕ್ಷೇತ್ರಕ್ಕೆ ಇದಕ್ಕಿಂತ ಹೆಚ್ಚು ಹಾನಿ ಮಾಡಿದ ಅಭ್ಯಾಸ ಇನ್ನೊಂದಿಲ್ಲವೆಂದು ನನ್ನ ಅಭಿಪ್ರಾಯ. ಒತ್ತಡಕ್ಕೆ ಸಿಕ್ಕಿದ ಯಾವುದೇ ಕೋಶದಲ್ಲಿ ಪೆರಾಕ್ಸೈಡ್ ಹೆಚ್ಚುತ್ತದೆ. ಎಲೆಯ ಸಿಪ್ಪೆಯನ್ನು ಸುಲಿಯುವ ಕ್ರಿಯೆಯೂ ಒಂದು ಒತ್ತಡವೇ.

ಕ್ಯಾಲ್ಸಿಯಂ ವಿಷಯದಲ್ಲಿ ಮೊದಲನೆಯ ಪರೀಕ್ಷೆಯನ್ನು 1990ರಲ್ಲಿಯೇ ಮಾರ್ಟಿನ್ ಮ್ಯಾಕೆನ್ಶ್, ಕಾಲಿನ್ ಬ್ರೌನ್ಲೀ ಮತ್ತು ಅಲಿಸ್ಟೇರ್ ಹೆದರಿಂಗ್ಟನ್ ಮಾಡಿ ತೋರಿಸಿದರು. ಕಾಮೆಲಿನಾ ಸಸ್ಯದ ಕಾವಲು ಕೋಶಕ್ಕೆ ಅಬ್ಸಿಸಿಕ್ ಆಮ್ಲ ತಗುಲಿದಾಗ ಕೋಶರಸದ ಕ್ಯಾಲ್ಸಿಯಂ ಏರುವುದೂ, ಆ ಏರಿಕೆ ರಂಧ್ರ ಮುಚ್ಚುವುದಕ್ಕಿಂತ ಮುಂಚೆ ಬರುವುದೂ ಅದರಲ್ಲಿ ಕಂಡುಬಂದಿತು. ಉಳಿದ ಎರಡು ಪರೀಕ್ಷೆಗಳಿಗೆ ಬೇರೆ ಪ್ರಯೋಗಗಳು ಬೇಕಾದವು.

ಸಿಪ್ಪೆ ಪ್ರಯೋಗದ ಸಿದ್ಧತೆ

ಎಲೆಯ ಕೆಳಬದಿಯ ಹೊರಪದರ ಸುಲಭವಾಗಿ ಸುಲಿದು ಬರುವ ಸಸ್ಯವನ್ನು ಆರಿಸಿಕೊಳ್ಳಿ. ಕಾಮೆಲಿನಾ ಮತ್ತು ವಿಸಿಯಾ ಫಾಬಾ ಈ ಕೆಲಸಕ್ಕೆ ಹಳೆಯ ಕಾಲದಿಂದ ಬಳಕೆಯಲ್ಲಿವೆ. ರೂಪಾಂತರಿಗಳು ಬೇಕಾದಾಗ ಅರಬಿಡಾಪ್ಸಿಸ್‌ಗೆ ಹೋಗಬೇಕಾಗುತ್ತದೆ, ಅದರ ಸಿಪ್ಪೆ ತೆಗೆಯಲು ಮಾತ್ರ ಹೆಚ್ಚು ಕೈಚಳಕ ಬೇಕು. ಗಿಡಗಳಿಗೆ ಹಿಂದಿನ ದಿನ ಚೆನ್ನಾಗಿ ನೀರುಣಿಸಿರಬೇಕು. ಬಾಯಾರಿದ ಗಿಡದ ಎಲೆಯಲ್ಲಿ ಅಬ್ಸಿಸಿಕ್ ಆಮ್ಲ ಆಗಲೇ ಹೆಚ್ಚಿರುವುದರಿಂದ, ನೀವು ಹೊರಗಿನಿಂದ ಕೊಡುವ ಹಾರ್ಮೋನಿನ ಪರಿಣಾಮ ಅಸ್ಪಷ್ಟವಾಗುತ್ತದೆ.

ಬೆಳಕು ಹರಿಯುವ ಹೊತ್ತಿಗೆ, ರಂಧ್ರಗಳು ಇನ್ನೂ ಮುಚ್ಚಿರುವಾಗ, ಪೂರ್ತಿ ಬಲಿತ ಆದರೆ ಹಣ್ಣಾಗದ ಎಲೆಯನ್ನು ತೆಗೆದುಕೊಳ್ಳಿ. ಕೆಳಬದಿಯನ್ನು ಮೇಲೆ ಮಾಡಿ ಹಿಡಿದು, ಅಂಚಿನಲ್ಲಿ ಸಣ್ಣ ಗೀರು ಹಾಕಿ, ಚೂಪಾದ ಚಿಮುಟದಿಂದ ಪದರದ ತುದಿಯನ್ನು ಹಿಡಿದು ಎಲೆಯ ಮೇಲ್ಮೈಗೆ ಆದಷ್ಟು ಸಮಾನಾಂತರವಾಗಿ ಎಳೆಯಿರಿ. ನೇರ ಮೇಲಕ್ಕೆ ಎಳೆದರೆ ಪದರ ಮಡಚಿಕೊಂಡು ಕಾವಲು ಕೋಶಗಳು ಒಡೆಯುತ್ತವೆ. ಸರಿಯಾಗಿ ಬಂದ ಸಿಪ್ಪೆ ಪಾರದರ್ಶಕವಾಗಿರುತ್ತದೆ, ಹಸಿರು ಬಣ್ಣ ಎಲ್ಲಿಯೂ ಕಾಣುವುದಿಲ್ಲ. ಹಸಿರು ಅಂಟಿಕೊಂಡಿದ್ದರೆ ಎಲೆಯ ಒಳಪದರದ ಕೋಶಗಳು ಜೊತೆಗೆ ಬಂದಿವೆಯೆಂದು ಅರ್ಥ, ಅಂತಹ ತುಂಡನ್ನು ಪಕ್ಕಕ್ಕಿಡಬೇಕು. ಸುಲಿದ ಸಿಪ್ಪೆ ಒಂದು ಕ್ಷಣವೂ ಒಣಗದಂತೆ ಕೂಡಲೇ ಬಫರ್ ದ್ರಾವಣದ ಮೇಲೆ ತೇಲಿಬಿಡಿ.

ರಂಧ್ರಗಳನ್ನು ತೆರೆಸುವ ದ್ರಾವಣದಲ್ಲಿ ಸಾಮಾನ್ಯವಾಗಿ 10 ಮಿಲಿಮೋಲಾರ್ ಎಂಇಎಸ್ ಬಫರ್ ಮತ್ತು 50 ಮಿಲಿಮೋಲಾರ್ ಪೊಟ್ಯಾಸಿಯಂ ಕ್ಲೋರೈಡ್ ಇರುತ್ತವೆ, ಪಿಎಚ್ ಅನ್ನು ಪೊಟ್ಯಾಸಿಯಂ ಹೈಡ್ರಾಕ್ಸೈಡ್‌ನಿಂದ 6.15ಕ್ಕೆ ಹೊಂದಿಸಲಾಗುತ್ತದೆ. ಇದರಲ್ಲಿ ಸಿಪ್ಪೆಯನ್ನು ಎರಡರಿಂದ ಮೂರು ಗಂಟೆ ಬೆಳಕಿನಲ್ಲಿಡಬೇಕು. ದೀಪದ ಶಾಖದಿಂದ ದ್ರಾವಣ ಬಿಸಿಯಾಗದಂತೆ ನೋಡಿಕೊಳ್ಳುವುದು ಅಗತ್ಯ. ತಾಪಮಾನ 20ರಿಂದ 25 ಡಿಗ್ರಿ ಸೆಲ್ಸಿಯಸ್ ಒಳಗಿದ್ದರೆ ಸಾಕು. ಈ ಹಂತದ ಕೊನೆಯಲ್ಲಿ ಒಂದು ಸಿಪ್ಪೆಯನ್ನು ನೋಡಿ ರಂಧ್ರಗಳು ನಿಜಕ್ಕೂ ತೆರೆದಿವೆಯೆಂದು ಖಚಿತಪಡಿಸಿಕೊಳ್ಳಿ. ತೆರೆಯದ ರಂಧ್ರದ ಮೇಲೆ ಮುಚ್ಚುವ ಪ್ರಯೋಗ ಮಾಡಿ ಪ್ರಯೋಜನವಿಲ್ಲ.

ಅಬ್ಸಿಸಿಕ್ ಆಮ್ಲದ ಮೂಲ ದ್ರಾವಣವನ್ನು ಎಥನಾಲ್‌ನಲ್ಲಿ 10 ಮಿಲಿಮೋಲಾರ್ ಸಾರತೆಗೆ ತಯಾರಿಸಿ, ಬೆಳಕು ತಾಗದಂತೆ ಸುತ್ತಿ, ಮೈನಸ್ 20 ಡಿಗ್ರಿಯಲ್ಲಿಡಿ. ನೇರಳಾತೀತ ಬೆಳಕಿನಲ್ಲಿ ಈ ಅಣುವಿನ ಒಂದು ಭಾಗ ಆಕಾರ ಬದಲಿಸಿ ನಿಷ್ಕ್ರಿಯ ರೂಪಕ್ಕೆ ತಿರುಗುತ್ತದೆ. ಮಾರಾಟಕ್ಕೆ ಸಿಗುವ ಅಗ್ಗದ ಪುಡಿಯಲ್ಲಿ ನೈಸರ್ಗಿಕ ರೂಪವೂ ಅದರ ಕನ್ನಡಿ ಪ್ರತಿಬಿಂಬದಂತಹ ರೂಪವೂ ಸಮಪಾಲಿನಲ್ಲಿರುತ್ತವೆ, ಆದ್ದರಿಂದ ಯಾವುದನ್ನು ಬಳಸಿದಿರೆಂದು ಬರೆದಿಡಬೇಕು. ಮೂಲ ದ್ರಾವಣವನ್ನು ಸಾವಿರ ಪಟ್ಟು ತೆಳುಗೊಳಿಸಿದರೆ 10 ಮೈಕ್ರೋಮೋಲಾರ್ ಹಾರ್ಮೋನು ಸಿಗುತ್ತದೆ, ಅದರೊಂದಿಗೆ ಎಥನಾಲ್ ಶೇಕಡಾ 0.1ರಷ್ಟು ಬರುತ್ತದೆ. ಹೋಲಿಕೆಯ ತಟ್ಟೆಗೂ ಅಷ್ಟೇ ಎಥನಾಲ್ ಸೇರಿಸಲೇಬೇಕು. ಮೊದಲ ಬಾರಿಗೆ 0.1, 1 ಮತ್ತು 10 ಮೈಕ್ರೋಮೋಲಾರ್ ಮೂರನ್ನೂ ನೋಡಿ, ಪ್ರತಿಕ್ರಿಯೆ ಅರ್ಧದಷ್ಟು ಕಾಣುವ ಸಾರತೆಯನ್ನು ಮುಂದಿನ ಕೆಲಸಕ್ಕೆ ಆರಿಸಿಕೊಳ್ಳುವುದು ಉತ್ತಮ. ಹಾರ್ಮೋನು ಮಿತಿಮೀರಿ ಇದ್ದರೆ ಸಂಕೇತ ಅಣುವನ್ನು ತಡೆದ ಪರಿಣಾಮ ಅದರ ಅಡಿಯಲ್ಲಿ ಮುಚ್ಚಿಹೋಗುತ್ತದೆ.

ಅಳತೆಗೆ 400 ಪಟ್ಟು ಹಿಗ್ಗಿಸುವ ಸೂಕ್ಷ್ಮದರ್ಶಕ ಸಾಕು. ಚಿತ್ರ ತೆಗೆದು ಇಮೇಜ್‌ಜೆ ತಂತ್ರಾಂಶದಲ್ಲಿ ರಂಧ್ರದ ಒಳ ಅಂಚುಗಳ ನಡುವಿನ ಅಗಲವನ್ನು ಅಳೆಯಬಹುದು. ಯಾವ ತಟ್ಟೆಯಲ್ಲಿ ಯಾವ ರಾಸಾಯನಿಕವಿದೆಯೆಂದು ಅಳೆಯುವವರಿಗೆ ಗೊತ್ತಿರಬಾರದು. ಬೇರೊಬ್ಬರು ತಟ್ಟೆಗಳಿಗೆ ಗುಪ್ತ ಸಂಖ್ಯೆಗಳನ್ನು ಹಾಕಿಕೊಡಲಿ. ಅರೆ ತೆರೆದ ರಂಧ್ರದ ಅಂಚು ಎಲ್ಲಿದೆಯೆಂದು ನಿರ್ಧರಿಸುವಾಗ ನಿರೀಕ್ಷೆಯು ಕಣ್ಣನ್ನು ತಿದ್ದುತ್ತದೆ, ಅದರಿಂದ ಪಾರಾಗಲು ಬೇರೆ ಉಪಾಯವಿಲ್ಲ. ಒಂದೇ ಎಲೆಯ ನೂರು ರಂಧ್ರಗಳನ್ನು ನೂರು ಸ್ವತಂತ್ರ ಮಾದರಿಗಳೆಂದು ಲೆಕ್ಕ ಹಾಕುವುದೂ ತಪ್ಪು. ಸಂಖ್ಯಾಶಾಸ್ತ್ರದ ಲೆಕ್ಕಕ್ಕೆ ಗಿಡವೇ ಘಟಕ, ಒಂದು ಗಿಡದ ರಂಧ್ರಗಳ ಸರಾಸರಿ ಒಂದು ಅಂಕಿ.

ತಡೆಯುವ ಪ್ರಯೋಗದ ಚೌಕಟ್ಟು

ಯಾವುದೇ ಪ್ರತಿಬಂಧಕವನ್ನು (ಮಾರ್ಗದ ಒಂದು ಹಂತವನ್ನು ತಡೆಯುವ ರಾಸಾಯನಿಕವನ್ನು) ಬಳಸಿದರೂ ನಾಲ್ಕು ತಟ್ಟೆಗಳು ಇರಲೇಬೇಕು: ದ್ರಾವಕ ಮಾತ್ರ, ಹಾರ್ಮೋನು ಮಾತ್ರ, ಪ್ರತಿಬಂಧಕ ಮಾತ್ರ, ಎರಡೂ ಜೊತೆಯಾಗಿ. ಮೂರನೆಯದನ್ನು ಬಿಟ್ಟರೆ ಪ್ರತಿಬಂಧಕವೇ ರಂಧ್ರವನ್ನು ಹಿಗ್ಗಿಸಿತೋ ಅಥವಾ ಹಾರ್ಮೋನಿನ ಮಾರ್ಗವನ್ನು ತಡೆಯಿತೋ ಎಂಬುದು ತಿಳಿಯುವುದಿಲ್ಲ.

ನಾನು ಇದಕ್ಕೆ ಐದನೆಯ ತಟ್ಟೆಯೊಂದನ್ನು ಸೇರಿಸಬೇಕೆಂದು ಒತ್ತಾಯಿಸುತ್ತೇನೆ. ಪ್ರತಿಬಂಧಕ ಕೊಟ್ಟ ಕೋಶ ಮುಚ್ಚಲಿಲ್ಲವೆಂದರೆ ಎರಡು ಕಾರಣಗಳಿರಬಹುದು. ಸಂಕೇತ ನಿಂತುಹೋಗಿರಬಹುದು, ಅಥವಾ ಕೋಶವೇ ಕೆಲಸಕ್ಕೆ ಬಾರದ ಸ್ಥಿತಿಗೆ ಬಂದಿರಬಹುದು. ಇವೆರಡನ್ನೂ ಬೇರ್ಪಡಿಸಲು, ನೀವು ತಡೆದ ಹಂತಕ್ಕಿಂತ ಕೆಳಗಿರುವ, ಅಂದರೆ ಮಾರ್ಗದಲ್ಲಿ ಅದರ ನಂತರ ಬರುವ ಅಣುವನ್ನು ಪ್ರತಿಬಂಧಕದ ಜೊತೆಗೆ ಕೊಡಬೇಕು. ಉದಾಹರಣೆಗೆ, ಎನ್‌ಎಡಿಪಿಎಚ್ ಆಕ್ಸಿಡೇಸ್ ಅನ್ನು ತಡೆದಿದ್ದರೆ ಅದೇ ದ್ರಾವಣಕ್ಕೆ ಹೈಡ್ರೋಜನ್ ಪೆರಾಕ್ಸೈಡ್ ಸೇರಿಸಿ ನೋಡಿ. ರಂಧ್ರ ಆಗ ಮುಚ್ಚಿದರೆ ಕೋಶದ ಚಲನೆಯ ಸಾಮರ್ಥ್ಯ ಉಳಿದಿದೆಯೆಂದೂ, ತಡೆ ಬಿದ್ದಿರುವುದು ಪೆರಾಕ್ಸೈಡ್‌ಗಿಂತ ಮೇಲಿನ ಹಂತದಲ್ಲಿ ಎಂದೂ ಒಂದೇ ಪ್ರಯೋಗದಲ್ಲಿ ಗೊತ್ತಾಗುತ್ತದೆ. ಇದರ ಜೊತೆಗೆ ಫ್ಲೋರೆಸೀನ್ ಡೈಅಸಿಟೇಟ್ ಬಣ್ಣದಿಂದ ಕೋಶಗಳು ಜೀವಂತವಾಗಿವೆಯೇ ಎಂದು ನೋಡುವುದೂ, ಹಾರ್ಮೋನನ್ನು ತೊಳೆದ ಮೇಲೆ ರಂಧ್ರ ಮತ್ತೆ ತೆರೆಯುತ್ತದೆಯೇ ಎಂದು ನೋಡುವುದೂ ಒಳ್ಳೆಯದು. ಸತ್ತ ಕೋಶವೂ ಬಿಗುವು ಕಳೆದುಕೊಳ್ಳುತ್ತದೆ, ಅದನ್ನು ಪ್ರತಿಕ್ರಿಯೆಯೆಂದು ಎಣಿಸಬಾರದು.

ಕ್ಯಾಲ್ಸಿಯಂ

ವಿಶ್ರಾಂತ ಸ್ಥಿತಿಯಲ್ಲಿ ಕೋಶರಸದ ಮುಕ್ತ ಕ್ಯಾಲ್ಸಿಯಂ ಸುಮಾರು 100 ನ್ಯಾನೋಮೋಲಾರ್ ಮಟ್ಟದಲ್ಲಿರುತ್ತದೆ. ರಸದಾನಿಯಲ್ಲಿ ಅದು ಮಿಲಿಮೋಲಾರ್ ಮಟ್ಟದಲ್ಲಿದೆ, ಕೋಶಭಿತ್ತಿಯ ಸುತ್ತಲೂ ಕೋಶರಸಕ್ಕಿಂತ ಸಾವಿರಾರು ಪಟ್ಟು ಹೆಚ್ಚಿರುತ್ತದೆ. ಇಷ್ಟು ದೊಡ್ಡ ವ್ಯತ್ಯಾಸವಿರುವುದರಿಂದಲೇ ಒಂದು ನಾಲೆ ಕ್ಷಣಕಾಲ ತೆರೆದರೂ ಕೋಶಕ್ಕೆ ಅದು ಸ್ಪಷ್ಟವಾದ ಸುದ್ದಿಯಾಗುತ್ತದೆ.

ಹೊರಗಿನ ಕ್ಯಾಲ್ಸಿಯಂ ಅನ್ನು ಹಿಡಿದಿಡಲು ಇಜಿಟಿಎ ಎಂಬ ಸಂಯುಕ್ತವನ್ನು ಬಳಸುವುದು ವಾಡಿಕೆ. ಆದರೆ ಪತ್ರರಂಧ್ರದ ಪ್ರಯೋಗ ನಡೆಯುವ ಪಿಎಚ್ 6.15ರಲ್ಲಿ ಇಜಿಟಿಎ ಕ್ಯಾಲ್ಸಿಯಂ ಅನ್ನು ಹಿಡಿಯುವ ಬಲ ತಟಸ್ಥ ದ್ರಾವಣದಲ್ಲಿರುವುದಕ್ಕಿಂತ ಬಹಳ ಕಡಿಮೆಯಾಗುತ್ತದೆ. ಅದು ಕ್ಯಾಲ್ಸಿಯಂ ಹಿಡಿಯುವಾಗ ಹೈಡ್ರೋಜನ್ ಅಯಾನುಗಳನ್ನು ಬಿಡುವುದರಿಂದ ದ್ರಾವಣದ ಪಿಎಚ್ ಕೂಡ ಜಾರುತ್ತದೆ. ಸೇರಿಸಿದ ಮೇಲೆ ಪಿಎಚ್ ಅನ್ನು ಮತ್ತೆ ಅಳೆದು ಸರಿಪಡಿಸಬೇಕು, ಇಲ್ಲವೇ ಪಿಎಚ್‌ಗೆ ಅಷ್ಟಾಗಿ ಬಗ್ಗದ ಬಾಪ್ಟಾ ಸಂಯುಕ್ತವನ್ನು ಬಳಸಬೇಕು. ನಾಲೆಗಳನ್ನು ತಡೆಯಲು ಬಳಸುವ ಲ್ಯಾಂಥನಮ್ ಕ್ಲೋರೈಡ್ ಫಾಸ್ಫೇಟ್ ಇರುವ ದ್ರಾವಣದಲ್ಲಿ ಗಸಿಯಾಗಿ ಕೆಳಗಿಳಿಯುತ್ತದೆ, ಮೇಲಾಗಿ ಅದು ಬೇರೆ ಧನ ಅಯಾನು ನಾಲೆಗಳನ್ನೂ ಮುಚ್ಚುತ್ತದೆ. ಆದ್ದರಿಂದ ಒಂದೇ ಪ್ರತಿಬಂಧಕವನ್ನು ನೆಚ್ಚಿಕೊಳ್ಳದೆ, ಬೇರೆ ಬೇರೆ ರೀತಿಯಲ್ಲಿ ಕೆಲಸ ಮಾಡುವ ಎರಡನ್ನು ಬಳಸಿ ಎರಡರ ಉತ್ತರವೂ ಒಂದೇ ಆಗಿದೆಯೇ ಎಂದು ನೋಡಬೇಕು.

ಪ್ರತಿದೀಪ್ತಿ ಸೂಕ್ಷ್ಮದರ್ಶಕ ಲಭ್ಯವಿದ್ದರೆ ಕೋಶದೊಳಗಿನ ಕ್ಯಾಲ್ಸಿಯಂ ಅನ್ನು ನೇರವಾಗಿ ನೋಡಬಹುದು. ಕೆಮೀಲಿಯನ್ ಎಂಬ ಪ್ರೋಟೀನು ಸಂವೇದಕವನ್ನು ಹೊತ್ತ ಅರಬಿಡಾಪ್ಸಿಸ್ ಸಸ್ಯಗಳು ಇದಕ್ಕೆ ಅನುಕೂಲ. ಎರಡು ಬಣ್ಣಗಳ ಅನುಪಾತವನ್ನು ಅಳೆಯುವುದರಿಂದ ಕೋಶದ ದಪ್ಪ ಅಥವಾ ಸಂವೇದಕದ ಪ್ರಮಾಣ ಬದಲಾದರೂ ಅಳತೆ ಕೆಡುವುದಿಲ್ಲ. ಇಲ್ಲಿ ಒಂದು ಸೂಕ್ಷ್ಮವನ್ನು ಮರೆಯಬಾರದು. ಕಾವಲು ಕೋಶಗಳಲ್ಲಿ ಹಾರ್ಮೋನು ಇಲ್ಲದಿರುವಾಗಲೂ ಕ್ಯಾಲ್ಸಿಯಂ ತಾನಾಗಿಯೇ ಆಗಾಗ ಏರಿಳಿಯುತ್ತದೆ. ಹಾರ್ಮೋನು ಕೊಡುವ ಮೊದಲು ಸಾಕಷ್ಟು ಹೊತ್ತು ಅದೇ ಕೋಶವನ್ನು ನೋಡಿ ದಾಖಲಿಸಿರದಿದ್ದರೆ, ಆ ನಂತರ ಕಂಡ ಏರಿಕೆ ಹಾರ್ಮೋನಿನದೇ ಎನ್ನಲು ಆಧಾರವಿರುವುದಿಲ್ಲ. ಏರಿಕೆಯ ಎತ್ತರದಷ್ಟೇ ಅದರ ಲಯವೂ ಮುಖ್ಯ. ಜೂಲಿಯನ್ ಶ್ರೋಡರ್ ಅವರ ಪ್ರಯೋಗಾಲಯ 2001ರಲ್ಲಿ ತೋರಿಸಿದಂತೆ, ಏರಿಳಿತಗಳ ಸಂಖ್ಯೆ, ಅವಧಿ ಮತ್ತು ಅಂತರ ಒಂದು ಮಿತಿಯೊಳಗಿದ್ದಾಗ ಮಾತ್ರ ರಂಧ್ರ ದೀರ್ಘಕಾಲ ಮುಚ್ಚಿರುತ್ತದೆ. ಹೊರಗಿನಿಂದ ಕ್ಯಾಲ್ಸಿಯಂ ಸುರಿದಾಗ ರಂಧ್ರ ಮುಚ್ಚುವುದು ನಿಜ, ಆದರೆ ಅದು ಹಾರ್ಮೋನು ಮೂಡಿಸುವ ಲಯದ ನಕಲೆಂದು ಭಾವಿಸಲಾಗದು. ಇನ್ನೂ ಒಂದು ಮಾತು: ಅಬ್ಸಿಸಿಕ್ ಆಮ್ಲ ಕ್ಯಾಲ್ಸಿಯಂ ಅನ್ನು ಹೆಚ್ಚಿಸುವುದಲ್ಲದೆ, ಇರುವ ಕ್ಯಾಲ್ಸಿಯಂಗೆ ನಾಲೆಗಳು ಹೆಚ್ಚು ಸ್ಪಂದಿಸುವಂತೆಯೂ ಮಾಡುತ್ತದೆ. ಹೀಗಾಗಿ ಕ್ಯಾಲ್ಸಿಯಂ ಏರದಿದ್ದ ಕೋಶವೂ ಮುಚ್ಚಿದರೆ, ಅದರಲ್ಲಿ ಕ್ಯಾಲ್ಸಿಯಂಗೆ ಪಾತ್ರವಿಲ್ಲವೆಂದು ಅವಸರದಿಂದ ಬರೆಯಬಾರದು.

ಹೈಡ್ರೋಜನ್ ಪೆರಾಕ್ಸೈಡ್

ಪೆರಾಕ್ಸೈಡ್ ಕಾವಲು ಕೋಶದ ಕ್ಯಾಲ್ಸಿಯಂ ನಾಲೆಗಳನ್ನು ತೆರೆಯುತ್ತದೆಂಬುದು 2000ದಲ್ಲಿ ಪ್ರಕಟವಾಯಿತು. ಅದನ್ನು ಹುಟ್ಟಿಸುವ ಎನ್‌ಎಡಿಪಿಎಚ್ ಆಕ್ಸಿಡೇಸ್‌ನ ಡಿ ಮತ್ತು ಎಫ್ ಎಂಬ ಎರಡು ರೂಪಗಳ ಪಾತ್ರ 2003ರಲ್ಲಿ ಖಚಿತವಾಯಿತು. ಈ ಕಿಣ್ವ ಕೋಶಪೊರೆಯ ಹೊರಮೈಯಲ್ಲಿ ಸೂಪರ್ ಆಕ್ಸೈಡ್ ಬಿಡುತ್ತದೆ, ಅದು ಪೆರಾಕ್ಸೈಡ್ ಆಗಿ ಪೊರೆಯ ಅಕ್ವಾಪೊರಿನ್ ನಾಲೆಗಳ ಮೂಲಕ ಒಳಬರುತ್ತದೆ. ಹುಟ್ಟುವ ಜಾಗ ಹೊರಗೆ ಇರುವುದರಿಂದಲೇ, ಪೆರಾಕ್ಸೈಡ್ ಅನ್ನು ಒಡೆಯುವ, ಕೋಶದೊಳಗೆ ಹೋಗಲಾಗದಷ್ಟು ದೊಡ್ಡದಾದ ಕ್ಯಾಟಲೇಸ್ ಕಿಣ್ವವನ್ನು ದ್ರಾವಣಕ್ಕೆ ಸೇರಿಸಿದಾಗಲೂ ಹಾರ್ಮೋನಿನ ಪರಿಣಾಮ ಕುಗ್ಗುತ್ತದೆ. ಕ್ಯಾಟಲೇಸ್ ಬಳಸುವವರು ಕುದಿಸಿ ನಿಷ್ಕ್ರಿಯಗೊಳಿಸಿದ ಅದೇ ಕಿಣ್ವವನ್ನು ಹೋಲಿಕೆಗೆ ಇಟ್ಟುಕೊಳ್ಳಬೇಕು.

ಡಿಪಿಐ ಎಂಬ ಪ್ರತಿಬಂಧಕ ಎನ್‌ಎಡಿಪಿಎಚ್ ಆಕ್ಸಿಡೇಸ್ ಅನ್ನು ತಡೆಯುತ್ತದೆ, ಆದರೆ ಫ್ಲೇವಿನ್ ಅಣುವನ್ನು ಬಳಸುವ ಇತರ ಕಿಣ್ವಗಳನ್ನೂ ತಡೆಯುತ್ತದೆ. ಮೈಟೊಕಾಂಡ್ರಿಯದ ಉಸಿರಾಟವೂ ಅದರಿಂದ ತಪ್ಪಿಸಿಕೊಳ್ಳುವುದಿಲ್ಲ. ಡಿಪಿಐ ಒಂದರ ಬಲದಿಂದ ನಿರ್ಣಯಕ್ಕೆ ಬರುವುದು ಸರಿಯಲ್ಲ.

ಪೆರಾಕ್ಸೈಡ್ ತೋರಿಸಲು ಬಹಳ ಬಳಕೆಯಲ್ಲಿರುವ ಡಿಸಿಎಫ್ ಬಣ್ಣದ ಬಗ್ಗೆ ವಿಶೇಷ ಎಚ್ಚರಿಕೆ ಬೇಕು. ಅದು ಪೆರಾಕ್ಸೈಡ್‌ಗೆ ಮಾತ್ರ ಸ್ಪಂದಿಸುವುದಿಲ್ಲ, ಒಮ್ಮೆ ಹೊಳೆದದ್ದು ಹಿಂದಿನ ಸ್ಥಿತಿಗೆ ಬರುವುದೂ ಇಲ್ಲ. ಸೂಕ್ಷ್ಮದರ್ಶಕದ ಬೆಳಕೇ ಅದನ್ನು ಉತ್ಕರ್ಷಿಸುವುದರಿಂದ, ಕೋಶವನ್ನು ಹೆಚ್ಚು ಹೊತ್ತು ನೋಡಿದಷ್ಟೂ ಹೊಳಪು ಹೆಚ್ಚುತ್ತದೆ. ಎಲ್ಲ ತಟ್ಟೆಗಳಿಗೂ ಒಂದೇ ಪ್ರಮಾಣದ ಬೆಳಕನ್ನು ಒಂದೇ ಅವಧಿಗೆ ಕೊಟ್ಟು, ಬಣ್ಣ ಮಾತ್ರ ಇರುವ, ಹಾರ್ಮೋನು ಇಲ್ಲದ ಕೋಶಗಳಲ್ಲಿ ಹೊಳಪು ಎಷ್ಟು ಏರಿತೆಂದು ಅಳೆಯದೆ ಈ ಬಣ್ಣದ ಚಿತ್ರಗಳನ್ನು ನಂಬಲಾಗದು. ಹೈಪರ್ ಎಂಬ ಪ್ರೋಟೀನು ಸಂವೇದಕ ಇದಕ್ಕಿಂತ ನಿಖರವಾದದ್ದು, ಆದರೆ ಪಿಎಚ್ ಬದಲಾದರೆ ಅದರ ಹೊಳಪೂ ಬದಲಾಗುತ್ತದೆ. ಅಬ್ಸಿಸಿಕ್ ಆಮ್ಲ ಕಾವಲು ಕೋಶದ ಪಿಎಚ್ ಅನ್ನು ಏರಿಸುವುದರಿಂದ ಇದು ಸಣ್ಣ ವಿಷಯವಲ್ಲ. ಪೆರಾಕ್ಸೈಡ್‌ಗೆ ಸ್ಪಂದಿಸದ, ಪಿಎಚ್‌ಗೆ ಮಾತ್ರ ಸ್ಪಂದಿಸುವ ಸೈಫರ್ ಸಂವೇದಕವನ್ನು ಜೊತೆಯಲ್ಲಿ ಇಟ್ಟುಕೊಂಡರೆ ಎರಡರ ಪಾಲನ್ನು ಬೇರ್ಪಡಿಸಬಹುದು. ಪಿಎಚ್‌ನಿಂದ ಬಾಧಿತವಾಗದ ಆರ್‌ಒಜಿಎಫ್‌ಪಿ ಆಧಾರಿತ ಸಂವೇದಕ ಸಿಕ್ಕರೆ ಇನ್ನೂ ಒಳ್ಳೆಯದು.

ನೈಟ್ರಿಕ್ ಆಕ್ಸೈಡ್

ಮೂರರಲ್ಲಿ ಇದರ ಪುರಾವೆಗಳೇ ಹೆಚ್ಚು ದುರ್ಬಲ. ಇದನ್ನು ಹೀರಿಕೊಳ್ಳಲು ಬಳಸುವ ಸಿಪಿಟಿಐಒ ಸಂಯುಕ್ತ ನೈಟ್ರಿಕ್ ಆಕ್ಸೈಡ್ ಅನ್ನು ನೈಟ್ರೋಜನ್ ಡೈಆಕ್ಸೈಡ್ ಆಗಿ ಬದಲಿಸುತ್ತದೆ. ಅದರಿಂದ ಮುಂದೆ ಹುಟ್ಟುವ ಉತ್ಪನ್ನಗಳು, ನೈಟ್ರಿಕ್ ಆಕ್ಸೈಡ್ ತೋರಿಸಲು ಬಳಸುವ ಡಿಎಎಫ್ ಬಣ್ಣವನ್ನು ಇನ್ನಷ್ಟು ಹೊಳೆಯಿಸಬಹುದು. ನೈಟ್ರಿಕ್ ಆಕ್ಸೈಡ್ ಒದಗಿಸಲು ಬಳಸುವ ಸೋಡಿಯಂ ನೈಟ್ರೋಪ್ರಸೈಡ್ ಜೊತೆಜೊತೆಗೆ ಸಯನೈಡ್ ಕೂಡ ಬಿಡುತ್ತದೆ. ಬೆಳಕಿನಲ್ಲಿಟ್ಟು ನೈಟ್ರಿಕ್ ಆಕ್ಸೈಡ್ ಪೂರ್ತಿ ಹೊರಹೋಗುವಂತೆ ಮಾಡಿದ ಹಳೆಯ ದ್ರಾವಣವನ್ನು ಹೋಲಿಕೆಗೆ ಇಡಬೇಕು, ಅದೂ ರಂಧ್ರ ಮುಚ್ಚಿಸಿದರೆ ಪರಿಣಾಮ ನೈಟ್ರಿಕ್ ಆಕ್ಸೈಡ್‌ನದಲ್ಲ. ನೈಟ್ರಿಕ್ ಆಕ್ಸೈಡ್ ಹುಟ್ಟಲು ನೆರವಾಗುವ ನೈಟ್ರೇಟ್ ರಿಡಕ್ಟೇಸ್ ಕಿಣ್ವವಿಲ್ಲದ ರೂಪಾಂತರಿ ಸಸ್ಯಗಳು ಸಿಗದಿದ್ದರೆ ಈ ಅಣುವಿನ ಬಗ್ಗೆ ಬಲವಾದ ಮಾತು ಆಡದಿರುವುದೇ ಲೇಸು.

ರೂಪಾಂತರಿಗಳಿಂದ ಕ್ರಮವನ್ನು ಗುರುತಿಸುವುದು

ಪ್ರತಿಬಂಧಕಗಳ ದೌರ್ಬಲ್ಯವನ್ನು ರೂಪಾಂತರಿ ಸಸ್ಯಗಳು ಬಹುಮಟ್ಟಿಗೆ ನಿವಾರಿಸುತ್ತವೆ, ಏಕೆಂದರೆ ಅವುಗಳಲ್ಲಿ ಸಾಮಾನ್ಯವಾಗಿ ಒಂದೇ ಒಂದು ಜೀನ್ ಕೆಟ್ಟಿರುತ್ತದೆ. ಇವುಗಳ ನಿಜವಾದ ಬೆಲೆ ತಿಳಿಯುವುದು ಎರಡು ಪ್ರಶ್ನೆಗಳನ್ನು ಒಟ್ಟಿಗೆ ಕೇಳಿದಾಗ: ಈ ಸಸ್ಯದಲ್ಲಿ ಹಾರ್ಮೋನು ಕೊಟ್ಟಾಗ ಸಂಕೇತ ಅಣು ಹುಟ್ಟುತ್ತದೆಯೇ, ಮತ್ತು ಸಂಕೇತ ಅಣುವನ್ನೇ ಹೊರಗಿನಿಂದ ಕೊಟ್ಟರೆ ಪ್ರತಿಕ್ರಿಯೆ ಬರುತ್ತದೆಯೇ?

ಓಎಸ್‌ಟಿ-1 ಕೆಟ್ಟಿರುವ ಸಸ್ಯವನ್ನು ತೆಗೆದುಕೊಳ್ಳಿ. ರಂಧ್ರ ಮುಚ್ಚದ ಎಲೆಯಿಂದ ನೀರು ಹೆಚ್ಚು ಆವಿಯಾಗಿ ಎಲೆ ತಂಪಾಗುವುದರಿಂದ, ಇದನ್ನು ಅತಿಗೆಂಪು ಕ್ಯಾಮೆರಾದಿಂದ ಎಲೆಯ ತಾಪಮಾನ ನೋಡಿ ಪತ್ತೆ ಹಚ್ಚಿದರು. ಬಹಳ ಅಚ್ಚುಕಟ್ಟಾದ ಹುಡುಕಾಟವದು. ಈ ಸಸ್ಯದಲ್ಲಿ ಅಬ್ಸಿಸಿಕ್ ಆಮ್ಲ ಕೊಟ್ಟರೆ ಪೆರಾಕ್ಸೈಡ್ ಹುಟ್ಟುವುದಿಲ್ಲ, ರಂಧ್ರವೂ ಮುಚ್ಚುವುದಿಲ್ಲ. ಆದರೆ ಪೆರಾಕ್ಸೈಡ್ ಅನ್ನೇ ಕೊಟ್ಟರೆ ಮುಚ್ಚುತ್ತದೆ. ಹಾಗಾಗಿ ಓಎಸ್‌ಟಿ-1ರ ಸ್ಥಾನ ಪೆರಾಕ್ಸೈಡ್‌ಗಿಂತ ಮೇಲೆ. ಈಗ ಎಬಿಐ-1 ಮತ್ತು ಎಬಿಐ-2 ಎಂಬ ಎರಡು ಫಾಸ್ಫಟೇಸ್‌ಗಳ ಪ್ರಬಲ ರೂಪಾಂತರಿಗಳನ್ನು ನೋಡಿ. ಎರಡರಲ್ಲಿಯೂ ರಂಧ್ರ ಹಾರ್ಮೋನಿಗೆ ಸ್ಪಂದಿಸುವುದಿಲ್ಲ, ಮೇಲುನೋಟಕ್ಕೆ ಅವು ಒಂದೇ. ಆದರೆ ಎಬಿಐ-1ರ ರೂಪಾಂತರಿಯಲ್ಲಿ ಹಾರ್ಮೋನು ಪೆರಾಕ್ಸೈಡ್ ಹುಟ್ಟಿಸುವುದಿಲ್ಲ, ಎಬಿಐ-2ರದರಲ್ಲಿ ಹುಟ್ಟಿಸುತ್ತದೆ. ಮೊದಲನೆಯದರಲ್ಲಿ ಪೆರಾಕ್ಸೈಡ್ ಕೊಟ್ಟರೆ ಕ್ಯಾಲ್ಸಿಯಂ ನಾಲೆ ತೆರೆಯುತ್ತದೆ, ಎರಡನೆಯದರಲ್ಲಿ ತೆರೆಯುವುದಿಲ್ಲ. ಅಂದರೆ ಒಂದು ದೋಷ ಪೆರಾಕ್ಸೈಡ್‌ಗೆ ಮೇಲೆ ಇದೆ, ಇನ್ನೊಂದು ಕೆಳಗಿದೆ. ಎರಡು ಪ್ರಶ್ನೆಗಳನ್ನೂ ಕೇಳದಿದ್ದರೆ ಈ ವ್ಯತ್ಯಾಸ ಕಾಣುತ್ತಲೇ ಇರಲಿಲ್ಲ.

ನಿಮ್ಮ ಕೈಯಲ್ಲಿರುವ ರೂಪಾಂತರಿ ಯಾವುದೇ ಇರಲಿ, ಒಂದೇ ಜೀನ್‌ನ ಎರಡು ಸ್ವತಂತ್ರ ರೂಪಾಂತರಿಗಳನ್ನು ಬಳಸಿ, ಕೆಟ್ಟ ಜೀನ್‌ನ ಜಾಗಕ್ಕೆ ಸರಿಯಾದ ಜೀನ್ ಸೇರಿಸಿದರೆ ಪ್ರತಿಕ್ರಿಯೆ ಮರಳುವುದನ್ನೂ ತೋರಿಸಿ. ಎಬಿಪಿ-1 ಪ್ರೋಟೀನಿನ ಇತಿಹಾಸ ಇದರ ಅಗತ್ಯವನ್ನು ಹೇಳುತ್ತದೆ. ಅದನ್ನು ದಶಕಗಳ ಕಾಲ ಆಕ್ಸಿನ್‌ನ ಗ್ರಾಹಕವೆಂದು ಪಠ್ಯಗಳು ಬೋಧಿಸಿದವು, ಅದಿಲ್ಲದೆ ಸಸ್ಯದ ಭ್ರೂಣವೇ ಬದುಕುವುದಿಲ್ಲವೆಂದು ನಂಬಲಾಗಿತ್ತು. 2015ರಲ್ಲಿ ಜೀನ್ ತಿದ್ದುವ ಕ್ರಿಸ್ಪರ್ ತಂತ್ರದಿಂದ ಆ ಜೀನ್ ಒಂದನ್ನೇ ಕೆಡಿಸಿದಾಗ ಸಸ್ಯಗಳು ಸಾಮಾನ್ಯ ಗಿಡಗಳಂತೆಯೇ ಬೆಳೆದವು. ಹಳೆಯ ರೂಪಾಂತರಿಯ ಭ್ರೂಣಗಳು ಸಾಯುತ್ತಿದ್ದುದು ಪಕ್ಕದ ಇನ್ನೊಂದು ಜೀನ್ ಕೂಡ ಕೆಟ್ಟಿದ್ದರಿಂದ. ಅಬ್ಸಿಸಿಕ್ ಆಮ್ಲದ ಗ್ರಾಹಕವೆಂದು ಎಫ್‌ಸಿಎ ಪ್ರೋಟೀನನ್ನು ಹೆಸರಿಸಿದ 2006ರ ಪ್ರಬಂಧವನ್ನೂ ಎರಡು ವರ್ಷಗಳ ನಂತರ ಹಿಂತೆಗೆದುಕೊಳ್ಳಲಾಯಿತು. ಗ್ರಾಹಕದಂತಹ ಮೂಲಭೂತ ಹಂತದಲ್ಲಿಯೇ ಹೀಗಾಗುವುದಾದರೆ, ಕ್ಷಣಿಕವಾಗಿ ಹುಟ್ಟಿ ಮರೆಯಾಗುವ ಸಂಕೇತ ಅಣುಗಳ ವಿಷಯದಲ್ಲಿ ಇನ್ನೆಷ್ಟು ಜಾಗರೂಕತೆ ಬೇಕೆಂದು ಊಹಿಸಬಹುದು.

ಬೇರೆ ಹಾರ್ಮೋನುಗಳಿಗೆ ಅನ್ವಯಿಸುವಾಗ

ಇದೇ ಚೌಕಟ್ಟನ್ನು ಆಕ್ಸಿನ್‌ಗೆ ಅನ್ವಯಿಸಬೇಕಾದರೆ ಬೇರಿನ ಬೆಳವಣಿಗೆಯನ್ನು ಪ್ರತಿಕ್ರಿಯೆಯಾಗಿ ಆರಿಸಿಕೊಳ್ಳಿ. ಆಕ್ಸಿನ್ ತಗುಲಿದ ಒಂದು ನಿಮಿಷದೊಳಗೆ ಬೇರು ಉದ್ದವಾಗುವುದು ನಿಧಾನವಾಗುತ್ತದೆ. ಜೀನ್‌ನಿಂದ ಪ್ರೋಟೀನು ತಯಾರಾಗಲು ಅಷ್ಟು ಸಮಯ ಸಾಲದು, ಆದ್ದರಿಂದ ಈ ಕ್ಷಿಪ್ರ ಪ್ರತಿಕ್ರಿಯೆಯಲ್ಲಿ ಕ್ಯಾಲ್ಸಿಯಂ ಮತ್ತು ಪಿಎಚ್ ಬದಲಾವಣೆಗಳನ್ನು ಹುಡುಕುವುದು ಅರ್ಥಪೂರ್ಣ. ಸಿಎನ್‌ಜಿಸಿ-14 ಎಂಬ ನಾಲೆ ಇಲ್ಲದ ರೂಪಾಂತರಿಯಲ್ಲಿ ಆಕ್ಸಿನ್ ಮೂಡಿಸುವ ಕ್ಯಾಲ್ಸಿಯಂ ಏರಿಕೆ ಬಹಳ ಮಟ್ಟಿಗೆ ಕಾಣೆಯಾಗುತ್ತದೆ, ಅದು ಇಲ್ಲಿ ನಿಮಗೆ ಬೇಕಾದ ಸಾಧನ. ಎಥಿಲೀನ್‌ಗೆ ಕತ್ತಲಲ್ಲಿ ಬೆಳೆದ ಮೊಳಕೆಯ ಕುಗ್ಗಿದ ಕಾಂಡ, ದಪ್ಪವಾದ ನಡು ಮತ್ತು ಬಾಗಿದ ತುದಿಯ ಕೊಕ್ಕೆಯನ್ನು ನೋಡುವ ಹಳೆಯ ಪರೀಕ್ಷೆ ಇದೆ, ಆದರೆ ಅದಕ್ಕೆ ದಿನಗಳು ಬೇಕು. ಸೈಟೊಕೈನಿನ್‌ನ ಮಾರ್ಗದಲ್ಲಿ ಸಂದೇಶ ಒಂದು ಪ್ರೋಟೀನಿನಿಂದ ಇನ್ನೊಂದಕ್ಕೆ ಫಾಸ್ಫೇಟ್ ರೂಪದಲ್ಲಿಯೇ ಸಾಗುವುದರಿಂದ, ಸಣ್ಣ ಅಣುಗಳನ್ನು ಹುಡುಕುವ ಮುನ್ನ ಆ ಸಾಗಣೆಯನ್ನು ಅಳೆಯುವುದು ಒಳಿತು.

ಫಲಿತಾಂಶ ಬರೆಯುವಾಗ ಪ್ರತಿಯೊಂದು ಅಣುವಿಗೂ ಮೂರು ಪರೀಕ್ಷೆಗಳಲ್ಲಿ ಯಾವುದು ನಡೆದಿದೆ, ಯಾವುದು ನಡೆದಿಲ್ಲ ಎಂಬುದನ್ನು ಬಿಡಿಬಿಡಿಯಾಗಿ ನಮೂದಿಸಿ. ಏರಿಕೆ ಮಾತ್ರ ಕಂಡಿದ್ದರೆ ‘ಹಾರ್ಮೋನು ಕೊಟ್ಟ ನಂತರ ಈ ಅಣು ಹೆಚ್ಚಿತು’ ಎಂದಷ್ಟೇ ಬರೆಯಿರಿ. ಪ್ರತಿಬಂಧಕದಿಂದ ಮುಚ್ಚುವಿಕೆ ಕುಗ್ಗಿದ್ದರೆ ಎಷ್ಟು ಮೈಕ್ರೋಮೀಟರ್ ಕುಗ್ಗಿತು, ಎಷ್ಟು ಗಿಡಗಳಲ್ಲಿ, ಐದನೆಯ ತಟ್ಟೆಯ ಉತ್ತರವೇನು ಎಂಬುದನ್ನು ಅದೇ ಸಾಲಿನಲ್ಲಿ ಕೊಡಿ. ದ್ರಾವಣದ ಪಿಎಚ್, ಬೆಳಕಿನ ಪ್ರಮಾಣ, ಎಲೆ ಕಿತ್ತ ಹೊತ್ತು ಮತ್ತು ಹಾರ್ಮೋನಿನ ರೂಪವನ್ನು ವಿಧಾನದ ಭಾಗದಲ್ಲಿ ಬಿಡದೆ ಬರೆಯಿರಿ, ಏಕೆಂದರೆ ಇನ್ನೊಂದು ಪ್ರಯೋಗಾಲಯದಲ್ಲಿ ಇದೇ ಪ್ರಯೋಗ ಮಾಡಿದವರಿಗೆ ಬೇರೆ ಉತ್ತರ ಬಂದಾಗ ಅವರು ಮೊದಲು ಹುಡುಕುವುದು ಈ ನಾಲ್ಕು ವಿವರಗಳನ್ನೇ.